ವರ್ಕಿಚೇಟ ಅಳಿಸಲು ಬಿಡದ ಎರಡು ಸಾಲು

ವಿಮಾನದ ಸದ್ದು ನಮಗೆಲ್ಲ ಕೇಳಿಸುವ ಮೊದಲೇ ವರ್ಕಿಚೇಟನಿಗೆ ಕೇಳಿಸುತ್ತಿತ್ತು. ಮಾತಿನ ನಡುವೆ ತೋರುಬೆರಳು ಎತ್ತಿ ಸುಮ್ಮನಾಗುತ್ತಿದ್ದರು. ಪುತ್ತೂರು ಬಸ್‌ಸ್ಟ್ಯಾಂಡಿನ ಹಿಂದೆ ನಾನು ನಡೆಸುತ್ತಿದ್ದ ಟೈಪಿಂಗ್ ಶಾಲೆಯಲ್ಲಿ ಆರು ಯಂತ್ರಗಳು ಒಟ್ಟಿಗೆ ಕಟಕಟ ಎನ್ನುತ್ತಿದ್ದರೂ ಅವರ ಬೆರಳು ತಪ್ಪುತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಐವತ್ತು ಎನ್ನುವಷ್ಟರಲ್ಲಿ ಮಂಗಳೂರಿನ ಬಜಪೆ ನಿಲ್ದಾಣದ ವಿಮಾನ ನಮ್ಮ ಹೆಂಚಿನ ಮೇಲಿನಿಂದ ಸಣ್ಣಗೆ ಗುಂಯ್‌ಗುಡುತ್ತ ಹೋಗುತ್ತಿತ್ತು. ಅದು ಪೂರ್ತಿ ಅಡಗಿದ ಮೇಲೆ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು.

ಅವರು ನೆಲ್ಯಾಡಿ ಕಡೆಯ ರಬ್ಬರ್ ಕೃಷಿಕರು. ಎಳೆಯ ಪ್ರಾಯದಲ್ಲಿ ಕೇರಳದಿಂದ ಬಂದು ಗುಡ್ಡ ಕಡಿದು ತೋಟ ಮಾಡಿದವರು. ಬಟ್ಟೆಯಲ್ಲಿ ಯಾವಾಗಲೂ ರಬ್ಬರ್ ಹಾಳೆ ಒಣಗಿಸುವ ಹೊಗೆಗೂಡಿನ ವಾಸನೆ. ಅವರಿಗಾಗಿ ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದವನ್ನು ಕನ್ನಡದಲ್ಲಿ ಹೇಳಿಸಿಕೊಂಡು, "ಮರ್ಯಾದೆಯಲ್ಲಿ ಉಂಟಲ್ಲ ಟೀಚರೇ?" ಎಂದು ಪ್ರತಿ ಸಲ ಕೇಳುತ್ತಿದ್ದರು. ಬೈದು ಬರೆಯಬೇಕಾದ ಕಾಗದಕ್ಕೂ ಅದೇ ಪ್ರಶ್ನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರ ಮಗ ಜೋಯಿ ವಿಮಾನ ನಡೆಸಲು ಕಲಿಯುವುದಕ್ಕೆ ಇಂಗ್ಲೆಂಡಿಗೆ ಹೋಗಿದ್ದ. ಎರಡೆಕರೆ ರಬ್ಬರ್ ಮಾರಿ ಕಳಿಸಿದ್ದರು. ಅಲ್ಲಿನ ತರಬೇತಿ ಶಾಲೆ ಶುಲ್ಕದ ಮೇಲೆ ಆ ದೇಶದ ಮಾರಾಟ ತೆರಿಗೆಯನ್ನೂ ಸೇರಿಸಿತ್ತು. ಒಂದು ಮಂಗಳವಾರ ಜೋಯಿ ಒಬ್ಬನೇ ಹಾರಿದ ಸಣ್ಣ ವಿಮಾನ ಸಮುದ್ರದ ಮೇಲೆ ಕಾಣೆಯಾಯಿತು. ವಿಮಾನವೂ ಸಿಗಲಿಲ್ಲ, ಅವನೂ ಸಿಗಲಿಲ್ಲ.

ವರುಷ ಕಳೆದ ಮೇಲೆ ಯಾರೋ ಹೇಳಿದರಂತೆ, ಉದ್ಯೋಗಕ್ಕೆಂದು ಹೊರದೇಶದಿಂದ ಬಂದು ಕಲಿತವರಿಗೆ ಆ ತೆರಿಗೆ ವಾಪಸು ಸಿಗುತ್ತದೆ ಎಂದು. ಮಗಳು ಲೀಲಾಳ ನರ್ಸಿಂಗ್ ಓದಿಗೆ ಆಗುತ್ತದೆ ಎಂದು ಹೆಂಡತಿ ಏಲಿಯಮ್ಮ ಒತ್ತಾಯಿಸಿದ್ದಕ್ಕೆ ವರ್ಕಿಚೇಟ ನನ್ನಲ್ಲಿಗೆ ಬಂದದ್ದು. ಎಂಟು ತಿಂಗಳು ಕಾಗದಗಳು ಹೋದವು, ಬಂದವು. ಪ್ರತಿಯೊಂದರಲ್ಲೂ ಕಾಣೆಯಾದ ವಿಮಾನದ ನಂಬರ್ ಹಾಕಬೇಕಿತ್ತು. ಕೊನೆಗೆ ತೆರಿಗೆ ಕಚೇರಿ, ಜೋಯಿ ಯಾವ ದಿನ ಎಷ್ಟು ಹೊತ್ತು ಹಾರಿದ ಎಂಬ ಪಟ್ಟಿಯನ್ನು ತರಬೇತಿ ಶಾಲೆಯಿಂದ ತರಿಸಲು ಹೇಳಿತು.

ಪಟ್ಟಿ ಬಂದ ದಿನ ನಾನು ತಾರೀಕುಗಳನ್ನು ಓದುತ್ತ ಹೋದೆ. ಕಾಣೆಯಾದ ಮಂಗಳವಾರದ ಕೆಳಗೆ ಇನ್ನೂ ಎರಡು ಸಾಲುಗಳಿದ್ದವು. ಆಮೇಲಿನ ಗುರುವಾರ, ಒಂದು ಗಂಟೆ ಹತ್ತು ನಿಮಿಷ. ಅದರ ಮುಂದಿನ ಗುರುವಾರ, ಐವತ್ತು ನಿಮಿಷ. ಎರಡರ ಎದುರಿಗೂ 'ಒಬ್ಬನೇ' ಎಂದಿತ್ತು.

ಯಾರೋ ಗುಮಾಸ್ತ ಬೇರೆ ಹುಡುಗನ ಲೆಕ್ಕ ಸೇರಿಸಿರಬೇಕು, ತಿದ್ದಲು ಬರೆಯೋಣ ಎಂದೆ. ವರ್ಕಿಚೇಟ ಆ ಎರಡು ಸಾಲುಗಳನ್ನು ಮತ್ತೊಮ್ಮೆ ಓದಿಸಿದರು.

"ಬರೀಬೇಡಿ ಟೀಚರೇ. ಕೇಳಿದರೆ ಅವರು ಆ ಎರಡು ಸಾಲು ಹೊಡೆದು ಹಾಕ್ತಾರೆ."

ಪಟ್ಟಿಗೂ ಶುಲ್ಕದ ಬಿಲ್ಲಿಗೂ ತಾಳೆಯಾಗದ್ದನ್ನು ತೆರಿಗೆ ಕಚೇರಿಯವರು ಬಿಡಲಿಲ್ಲ. ಕೊನೆಯ ಎರಡು ಹಾರಾಟಗಳು ನಡೆದೇ ಇಲ್ಲ ಎಂದು ತಂದೆ ಅಥವಾ ತಾಯಿ ಸಹಿ ಹಾಕಿ ಕೊಟ್ಟರೆ ಹಣ ಕಳಿಸುತ್ತೇವೆ ಎಂದು ಒಂದು ಫಾರಂ ಕಳಿಸಿದರು. ವರ್ಕಿಚೇಟ ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ಏಲಿಯಮ್ಮ ಒಬ್ಬರೇ ಬಸ್ಸು ಹತ್ತಿ ನನ್ನಲ್ಲಿಗೆ ಬಂದು ಅತ್ತರು. ಮಗನ ಹೆಸರಿನಲ್ಲಿ ಇಗರ್ಜಿಯಲ್ಲಿ ಸತ್ತವರ ಪೂಜೆ ಕೊಡಿಸಲು ಗಂಡ ಬಿಡುವುದಿಲ್ಲ, ರಾತ್ರಿ ಬಾಗಿಲಿಗೆ ಅಗುಳಿ ಹಾಕಲೂ ಬಿಡುವುದಿಲ್ಲ ಎಂದರು.

ಕೊನೆಯ ಬಾರಿ ವರ್ಕಿಚೇಟ ಬಂದಾಗ ಕುತ್ತಿಗೆಯ ಎಲುಬುಗಳು ಕಾಣುತ್ತಿದ್ದವು. ವಿಮಾನದ ಶಾಲೆಗೆ ಒಂದೇ ಪ್ರಶ್ನೆ ಬರೆಯಬೇಕು ಎಂದರು.

"ಆ ಎರಡು ದಿವಸ ನನ್ನ ಮೋನ್, ಜೋಯಿ, ಯಾವ ವಿಮಾನದಲ್ಲಿ ಹೋದದ್ದು? ನಂಬರ್ ಎಂತ? ಅಷ್ಟು ಕೇಳಿ, ಸಾಕು."

ಬರೆದೆ. ಮರ್ಯಾದೆಯಲ್ಲಿ ಉಂಟೋ ಎಂದು ಅವರು ಕೇಳಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಲ್ಲೇ ತೀರಿಕೊಂಡರು.

ಉತ್ತರ ನನ್ನ ವಿಳಾಸಕ್ಕೆ ಬಂತು. ನಾನೇ ಒಡೆದು ಓದಿ, ಅದನ್ನು ಚೀಲದಲ್ಲಿಟ್ಟುಕೊಂಡು ನೆಲ್ಯಾಡಿಗೆ ಹೋದೆ. ಏಲಿಯಮ್ಮ ಕರಿಕಾಪಿ ಕೊಟ್ಟು ಎದುರಿಗೆ ಕುಳಿತರು. ಒಳಕೋಣೆಯಲ್ಲಿ ಲೀಲಾ ಮೆಲ್ಲಗೆ ಏನೋ ಓದಿಕೊಳ್ಳುತ್ತಿದ್ದಳು.

"ಎಂತ ಬರೆದಿದ್ದಾರೆ ಟೀಚರೇ?"

"ತಪ್ಪಾಗಿತ್ತಂತೆ. ಬೇರೆ ಹುಡುಗನ ಲೆಕ್ಕವಂತೆ."

ಏಲಿಯಮ್ಮ ಎದ್ದು, ಗಂಡನ ಜೇಬಿನಲ್ಲಿ ಸಿಕ್ಕಿದ ಫಾರಂ ತಂದು, ಸಹಿ ಎಲ್ಲಿ ಹಾಕುವುದೆಂದು ಕೇಳಿದರು. ತೋರಿಸಿದೆ. ಮಲಯಾಳದಲ್ಲಿ ನಿಧಾನವಾಗಿ ಹೆಸರು ಬರೆದರು. ಮುಂದಿನ ಭಾನುವಾರ ಇಗರ್ಜಿಯಲ್ಲಿ ತಂದೆಗೂ ಮಗನಿಗೂ ಸೇರಿಸಿ ಪೂಜೆ ಆಯಿತು. ಮಳೆಗಾಲದ ಮೊದಲು ಹಣವೂ ಬಂತು. ಲೀಲಾ ನರ್ಸಿಂಗಿಗೆ ಸೇರಿದಳು.

ಶಾಲೆಯವರ ಉತ್ತರದಲ್ಲಿ ಇದ್ದದ್ದು ಎರಡೇ ಸಾಲು. ಪುಸ್ತಕ ನೋಡಿದ್ದೇವೆ, ದಾಖಲೆ ಸರಿಯಾಗಿದೆ ಎಂದು ಒಂದು. ಇನ್ನೊಂದು, ಆ ಎರಡು ಗುರುವಾರಗಳ ವಿಮಾನದ ನಂಬರ್. ಕಾಣೆಯಾದ ವಿಮಾನದ ಬಗ್ಗೆ ಎಂಟು ತಿಂಗಳು ಟೈಪು ಮಾಡಿ ಮಾಡಿ ನನಗೆ ಬಾಯಿಪಾಠವಾಗಿದ್ದ ನಂಬರೇ ಅದು.