ಕೋಳಿ ಇಲ್ಲದ ಕಾದಂಬರಿ

ಬರೆಯುವಾಗ ಶಾಂತಾಬಾಯಿ ಅಕ್ಕನ ತುಟಿಗಳು ಅಲ್ಲಾಡುತ್ತಿದ್ದವು. ಖಜೂರಿಯಿಂದ ಜೇವರ್ಗಿಗೆ ಹೊಸ ಸೊಸೆಯಾಗಿ ಬಂದ ನಾನು, ಎದುರುಮನೆಯ ಕಿಟಕಿಯಲ್ಲಿ ಅವರನ್ನು ಕಂಡಾಗಲೆಲ್ಲ ಜಪ ಮಾಡುತ್ತಿದ್ದಾರೆಂದೇ ತಿಳಿದು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ, ಅದು ಯಾವ ಮಂತ್ರವೆಂದು ಕೇಳಿಯೇಬಿಟ್ಟೆ.

“ಮಂತ್ರ ಎಲ್ಲಿದು ತಗೀ! ಅತ್ತಿ ಸೊಸಿ ಜಗಳ ಬರ್ಯಾಕತ್ತೇನಿ. ಇಬ್ಬರ ಮಾತೂ ನಾನೇ ಆಡಬೇಕಲ್ಲಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೊಸ ಊರಿನಲ್ಲಿ ಬಸವಣ್ಣ ನನಗೆ ಕರುಣಿಸಿದ ಮೊದಲ ಗೆಳತಿ ಅವರು. ಅವರ ಗಂಡ ತಹಶೀಲ ಕಚೇರಿಯಲ್ಲಿ ಗುಮಾಸ್ತರು. ಅತ್ತೆ ನೀಲಮ್ಮವ್ವ ಲಿಂಗಪೂಜೆಯಾಗದೆ ಹನಿ ನೀರೂ ಮುಟ್ಟದ ಬಿಗಿ ಹೆಂಗಸು. ಅಕ್ಕ ನಸುಕಿನಲ್ಲೇ ರೊಟ್ಟಿ ಬಡಿದು, ಮನೆ ಕೆಲಸವೆಲ್ಲ ತೀರಿಸಿ, ಮಧ್ಯಾಹ್ನ ಉಳಿದವರು ಕಣ್ಣು ಮುಚ್ಚುವ ಹೊತ್ತಿಗೆ ಬರೆಯಲು ಕೂಡುತ್ತಿದ್ದರು.

ಬರೆದದ್ದನ್ನು ಓದಿ ಹೇಳಲು ಅವರಿಗೆ ಒಂದು ಜಾಗ ಗೊತ್ತಿತ್ತು. ಬೇಸಿಗೆಯಲ್ಲಿ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಶಾವಿಗೆ ಹೊಸೆಯಲು ಸೇರುತ್ತಿದ್ದೆವು. ಶಾವಿಗೆ ಹಿಟ್ಟು ನಾದಿಟ್ಟ ಮೇಲೆ ಯಾರೂ ಏಳುವಂತಿಲ್ಲ; ಎದ್ದರೆ ಒಣಗಿ ಎಳೆ ಹರಿಯುತ್ತದೆ. ಅಕ್ಕ ಹೊಸೆದ ಶಾವಿಗೆ ಹಗ್ಗದಷ್ಟು ದಪ್ಪ ಬರುತ್ತಿತ್ತಾದ್ದರಿಂದ ನಾವೇ ಅವರನ್ನು ಮಣೆಯಿಂದ ಎಬ್ಬಿಸಿ ಗೋಡೆಗೆ ಕೂಡಿಸಿದ್ದೆವು. “ಛಲೋ ಆತು. ನಿಮಗ ಕೈ ಬಿಡುವಿಲ್ಲ, ಎದ್ದು ಓಡಾಕೂ ಬರಂಗಿಲ್ಲ. ಕೇಳ್ರಿ ಈಗ,” ಎಂದು ಹಾಳೆ ಬಿಡಿಸುತ್ತಿದ್ದರು. ನಾವು ನಕ್ಕಲ್ಲಿ ಗೆರೆ ಎಳೆದುಕೊಳ್ಳುವರು. ಯಾರಾದರೂ ಆಕಳಿಸಿದರೆ ಆ ಪುಟ ಅಲ್ಲಿಗೇ ಮುಗಿಯಿತು.

ಹಾಗೆ ಹುಟ್ಟಿದ ಮೊದಲ ಕಾದಂಬರಿ ಕಲಬುರ್ಗಿಯ ಒಂದು ಪ್ರೆಸ್ಸಿನಲ್ಲಿ ಅಚ್ಚಾಯಿತು. ಅಫಜಲಪುರದಿಂದ ತವರಿಗೆ ಹೊರಟ ಬಸುರಿಗೆ ಭೀಮಾ ದಂಡೆಯಲ್ಲಿ, ಬಂಡಿಯಲ್ಲೇ ಬೇನೆ ಶುರುವಾಗುತ್ತದೆ. ಕಥೆಯ ಜೀವವೇ ಅಲ್ಲಿತ್ತು. ಆದರೆ ಒಂದು ವಾರಪತ್ರಿಕೆಯಲ್ಲಿ ಬಂದ ವಿಮರ್ಶೆ ಹೀಗಿತ್ತು: “ನಾಯಕಿಯನ್ನು ಬಂಡಿಯಲ್ಲಿ ನರಳಲು ಬಿಟ್ಟು ಲೇಖಕಿ ಏಕಾಏಕಿ ಕೋಳಿಗಳ ರೋಗಕ್ಕೆ ಔಷಧ ಹೇಳತೊಡಗುತ್ತಾರೆ. ಅಡುಗೆಮನೆಯವರು ಪೆನ್ನು ಹಿಡಿದರೆ ಹೀಗೆಯೇ.”

ನಮ್ಮ ಪ್ರತಿಗಳಲ್ಲಿ ಕೋಳಿಯ ಪುಕ್ಕವೂ ಇರಲಿಲ್ಲ! ಅಕ್ಕನ ಮನೆಯ ಅಟ್ಟದ ಮೇಲಿನ ಪುಸ್ತಕದ ಗಂಟು ಬಿಚ್ಚಿ ನೋಡಿದರೆ ಕೆಲವು ಪುಸ್ತಕಗಳ ನಡುವೆ ಕೋಳಿ ಸಾಕಣೆಯ ಹಾಳೆಗಳು ಸೇರಿಕೊಂಡಿದ್ದವು. ಅಕ್ಕನ ಗಂಡ ಹೋಗಿ ಕೇಳಿದ್ದಕ್ಕೆ ಪ್ರೆಸ್ಸಿನವನು, “ಎರಡೂ ಪುಸ್ತಕದ ಸೈಜ್ ಒಂದೇ ಇತ್ತುರಿ, ಹೊಲಿಯೂಮುಂದ ಹಾಳಿ ಕಲೆತಾವು,” ಎಂದನಂತೆ. ಅವರು ಪತ್ರಿಕೆಗೂ ಬರೆದು ತಿಳಿಸಿದರು. ತಿದ್ದುಪಡಿ ಬರಲೇ ಇಲ್ಲ.

ನೀಲಮ್ಮವ್ವ ಕೆಂಡವಾದರು. “ತತ್ತಿ ಸೈತ ಹೊಸ್ತಿಲಾ ದಾಟದ ಮನಿ ಇದು. ಹೊರಗ ಮಂದಿ ನಮಗ ಕೋಳಿ ಎಷ್ಟು ಸಾಕೀರಿ ಅಂತ ಕೇಳಾಕತ್ತಾರ! ಸಾಕ ಮಾಡ ಬೇ, ಇನ್ನ ಪೆನ್ನ ಮುಟ್ಟಬ್ಯಾಡ.” ಆದರೂ ಅಕ್ಕ ಬರೆದ ಹಾಳೆಗಳನ್ನು ಒಲೆಗೆ ಹಾಕಲಿಲ್ಲ. ದೇವರು ದೊಡ್ಡವನು.

ಅಕ್ಕನ ಎರಡನೆಯ ಕಾದಂಬರಿ ಅರ್ಧಕ್ಕೆ ನಿಂತಿತು. ಕಿಟಕಿ ಖಾಲಿಯಾಯಿತು. ಶಾವಿಗೆಯ ದಿನ ಬಲವಂತದಿಂದ ಕರೆತಂದೆವು. ನೀಲಮ್ಮವ್ವನೂ ಬಂದು ನಮಗೆ ಬೆನ್ನು ಹಾಕಿ ಗೋಧಿ ಹಸನು ಮಾಡುತ್ತ ಕೂತರು. ಓಣಿಯ ತುದಿಮನೆಯ ಕಸ್ತೂರಿಬಾಯಿಗೆ ನಾಲಿಗೆ ತಡೆಯದು. “ಅಕ್ಕಾರ, ಕೋಳಿ ಆರಾಮ ಅದಾವೇನ್ರಿ?” ಎಂದಳು.

ಎಲ್ಲರೂ ಕೈ ನಿಲ್ಲಿಸಿದೆವು. ಅಕ್ಕನ ಕಣ್ಣು ತುಂಬಿತು. ಆಮೇಲೆ ಏನನ್ನಿಸಿತೋ, “ಆ ಪೇಪರ್ ತಾ ಖಜೂರಿ, ನಿನ್ನ ಪುಸ್ತಕಾನೂ ತಾ,” ಎಂದು, ಎಂದಿನಂತೆ ನನ್ನನ್ನು ತವರೂರಿನ ಹೆಸರಿನಿಂದಲೇ ಕರೆದು, ತರಿಸಿಕೊಂಡರು. ಎದ್ದು ನಿಂತು, ಇಲ್ಲದ ಕೋಟು ಸರಿಮಾಡಿಕೊಂಡು, ಗಂಟಲು ಕೆರೆದು, ವಿಮರ್ಶಕನ ಗತ್ತಿನಲ್ಲಿ ಇಡೀ ಬೈಗುಳವನ್ನು ಓದಿದರು. ಕಸ್ತೂರಿಬಾಯಿ ನಕ್ಕೂ ನಕ್ಕೂ ಹಿಟ್ಟಿನ ಮೇಲೆ ಬಿದ್ದಳು.

“ಇದು ಅವಗ ಸಿಕ್ಕದ್ದು. ಅವಗ ಸಿಗಲಾರದ್ದು ಕೇಳ್ರಿ,” ಎಂದು ಅಕ್ಕ ಕೂತು, ಬಂಡಿಯ ಪ್ರಸಂಗವನ್ನು ಓದತೊಡಗಿದರು. ಹೊಳೆ ಏರುತ್ತಿದೆ, ಎತ್ತು ಕದಲುತ್ತಿಲ್ಲ, ಹುಡುಗಿ ನೊಗದ ಹಗ್ಗ ಹಿಡಿದು ತಾಯಿಯನ್ನು ಕೂಗುತ್ತಿದ್ದಾಳೆ. ಆಗ ಅಕ್ಕ ನೀರು ಕುಡಿಯಲೆಂದು ಪುಸ್ತಕ ಮಡಚಿದರು.

ಬೆನ್ನು ಹಾಕಿದ್ದ ನೀಲಮ್ಮವ್ವ ಮೊರ ಕೆಳಗಿಟ್ಟು ತಿರುಗಿದರು. “ನೀರು ಆಮ್ಯಾಲ ಕುಡೀವಂತಿ. ಆ ಹುಡುಗಿ ಉಳೀತಿಲ್ಲೋ?”

ಅಕ್ಕ ಓದಿ ಮುಗಿಸಿದರು. ಕಥೆಯಲ್ಲಿ ಕೂಸು ಹುಟ್ಟಿ ಅತ್ತಲ್ಲಿ ನೀಲಮ್ಮವ್ವನೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮರುದಿನ ಮಧ್ಯಾಹ್ನ ಎದುರಿನ ಕಿಟಕಿಯಲ್ಲಿ ಅಕ್ಕ ಬರೆಯುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ನೀಲಮ್ಮವ್ವ, ಬಂದವರನ್ನೆಲ್ಲ “ಆಕಿ ಬರ್ಯಾಕತ್ತಾಳ, ಆಮ್ಯಾಲ ಬರ್ರಿ,” ಎಂದು ಹಿಂದಕ್ಕೆ ಕಳಿಸುತ್ತಿದ್ದರು. ನಾನು ನಮ್ಮ ದೇವರ ಗೂಡಿನ ಮುಂದೆ ಒಂದು ಊದುಬತ್ತಿ ಹೆಚ್ಚಿಗೆ ಹಚ್ಚಿದೆ.

ಕೆಲವು ವರ್ಷಗಳ ಬಳಿಕ ಕಲಬುರ್ಗಿಯ ಸಮಾರಂಭವೊಂದರಲ್ಲಿ ಆ ವಿಮರ್ಶಕ ಸಿಕ್ಕಾಗ, ಅಕ್ಕ ಸರಿಯಾದ ಪ್ರತಿಯೊಂದನ್ನು ಕೈಯಲ್ಲಿಟ್ಟು, “ಇದರಾಗ ಕೋಳಿ ಇಲ್ಲರಿ ಸಾಹೇಬ್ರ, ಆರಾಮಾಗಿ ಓದ್ರಿ,” ಎಂದು ಬಂದರಂತೆ. ಓದಿದನೇ ಎಂದು ಕೇಳಿದೆ. “ದೇವರಿಗೇ ಗೊತ್ತು. ಕೊಟ್ಟ ಮ್ಯಾಲ ನನ್ನ ಎದಿ ಹಗುರಾತು ನೋಡು.”

ಗಂಡ ನಿವೃತ್ತರಾದ ಮೇಲೆ ಅವರು ಯಡ್ರಾಮಿಗೆ ಹೋಗಿ ನೆಲೆಸಿದರು. ಅಲ್ಲಿಂದ ಮೂರನೆಯ ಪುಸ್ತಕ ಬಂತು. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಯಡ್ರಾಮಿ ಬಸ್ಸಿನ ಕಿಟಕಿಯಲ್ಲಿ ಅವರು ಅಚಾನಕ್ಕಾಗಿ ಸಿಕ್ಕಾಗ, ಪತ್ರಿಕೆಯಲ್ಲಿ ಬಹಳ ಹೊಗಳಿದ್ದಾರಂತೆ ಎಂದು ನಾನು ಹಿಗ್ಗಿದೆ.

“ಹೊಗಳ್ಯಾನ, ಖರೇ. ಹಿಂದಿನ ರಟ್ಟಿನ ಮ್ಯಾಲಿನ ನಾಕ ಮಾತೇ ತಿರುವಿ ಬರದಾನ. ಇವನೂ ಓದಿಲ್ಲ ನೋಡವಾ!” ಎಂದು ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕರು. “ಅವರದು ಬಿಡು. ನೀ ಓದಾಕತ್ತಿಯೋ ಇಲ್ಲೋ?”

“ಅರ್ಧಕ್ಕ ಬಂದೇನ್ರಿ. ಮನಿ ಕೆಲಸದಾಗ ಆಗವಲ್ದು.”

ಮರುವರ್ಷ ಅಕ್ಕ ಲಿಂಗೈಕ್ಯರಾದ ಸುದ್ದಿ ಬಂತು. ನಾನು ಅವರನ್ನು ಕಡೆಯ ಬಾರಿ ಕಂಡದ್ದು ಆ ಬಸ್‌ಸ್ಟ್ಯಾಂಡಿನಲ್ಲೇ. ಬಸ್ಸು ಹೊರಟಿತ್ತು, ಅವರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗುತ್ತಿದ್ದರು:

“ಮುಂದ ಇನ್ನೂ ಛಲೋ ಅದ, ಬಿಡಬ್ಯಾಡ!”