ಅರ್ಧ ಅಚ್ಚಿನ ಜೋಡಿ ಹುಡುಕಿ

ಆಸ್ತಿ ಹಿಸ್ಸೆಯಾದ ದಿನ ನನ್ನ ತಮ್ಮ ಒಂದು ಅರ್ಧ ಅಚ್ಚನ್ನು ಟೆಂಪೋದಲ್ಲಿ ಇಟ್ಟುಕೊಂಡು ಹೋದದ್ದನ್ನು ನಾನು ನೋಡಿದ್ದೆ. ಅಥವಾ ಅಣ್ಣ ಹೇಳಿ ಹೇಳಿ, ನೋಡಿದೆನೆಂದು ನಂಬಿಕೊಂಡಿದ್ದೇನೆ. ಯಾವ ಅಚ್ಚು ಎಂಬುದಂತೂ ನೆನಪಿಲ್ಲ. ಅದಕ್ಕೇ ಹೊರಟೆ.

ನಾರಾಯಣಖೇಡದಿಂದ ಬೆಳಗಿನ ಬಸ್ಸು. ಎರಡೂ ಬದಿ ತೊಗರಿ ಹೊಲ, ಕಿಟಕಿಯಲ್ಲಿ ಬಿಸಿ ಧೂಳು. ಜಹೀರಾಬಾದಿನಲ್ಲಿ ಇಳಿದು ಅಣ್ಣನ ಕಾರ್ಖಾನೆಗೆ ಹೋದೆ. ಅಪ್ಪನ ಕಾಲದ್ದು, ಕರಗಿದ ಅಲ್ಯೂಮಿನಿಯಂ ಅನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ನುಗ್ಗಿಸಿ ಪಂಪಿನ ಬಿಡಿಭಾಗ ತೆಗೆಯುತ್ತಾರೆ. ಪ್ರತಿ ಅಚ್ಚಿಗೂ ಎರಡು ಅರ್ಧ. ಒಂದು ಯಂತ್ರದಲ್ಲಿ ಅಲುಗಾಡದೆ ಕೂರುತ್ತದೆ, ಇನ್ನೊಂದು ಸರಿದು ಬಂದು, ತನ್ನ ಗೂಟಗಳನ್ನು ಅದರ ತೂತುಗಳಲ್ಲಿ ಕೂರಿಸಿ, ಅದನ್ನು ಮುಚ್ಚುತ್ತದೆ. ಲೋಹ ತುಂಬಿಕೊಳ್ಳುವ ಗುಂಡಿ ಒಂದೇ ಇರುವ ಅಚ್ಚುಂಟು, ಒಂದೇ ಭಾಗವನ್ನು ನಾಲ್ಕಾಗಿ ಕೊಡುವ ನಾಲ್ಕು ಗುಂಡಿಯದುಂಟು. ಪೆಟ್ಟಿಗೆ, ಮುಚ್ಚಳ ಎಂದು ಬೇರೆ ಬೇರೆ ಭಾಗಗಳನ್ನು ಒಂದೇ ಸಲಕ್ಕೆ ಹೆರುವುದನ್ನು ಫ್ಯಾಮಿಲಿ ಡೈ, ಅಂದರೆ ಕುಟುಂಬದ ಅಚ್ಚು, ಎನ್ನುತ್ತಾರೆ. ಹೆಸರಿಟ್ಟವನಿಗೆ ಅಣ್ಣತಮ್ಮಂದಿರು ಇರಲಿಲ್ಲವೇನೋ.

ಅಣ್ಣನ ಬಳಿ ನಾಲ್ಕು ಗುಂಡಿಯ ಅಚ್ಚಿನ ಒಂದು ಅರ್ಧ ಮಾತ್ರ ಇತ್ತು.

"ಇದರ ಜೋಡಿ ಅವನೇ ಒಯ್ದಾನ. ನೀನೂ ನೋಡೀದಿ," ಎಂದ. "ಅದು ಕೊಟ್ರ ಅವನ ಮಗಳ ಮದುವಿಗಿ ಬರ್ತೀನಿ. ಇಲ್ಲಂದ್ರ ದೊಡ್ಡಪ್ಪ ಸತ್ತಾನ ಅಂತ ಹುಡುಗಿಗಿ ಹೇಳು."

ತಾಂಡೂರಿನ ಬಸ್ಸು ತುಂಬಿತ್ತು, ನಿಂತೇ ಹೋದೆ. ತಮ್ಮನದು ಹಾಸುಗಲ್ಲಿನ ವ್ಯಾಪಾರ. ಅಂಗಳದ ತುಂಬ ಕಲ್ಲು ಕೊಯ್ದ ಬಿಳಿ ಕೆಸರು. ಅವನಿಗೆ ವಿಷಯ ಹೇಳಿದೆ. ರೊಟ್ಟಿ ತಿಂದಾದ ಮೇಲೆ ಮೂಲೆಯ ಗೋಣಿ ಸರಿಸಿದ.

"ಸಣ್ಣಣ್ಣ, ನೀ ಯುನಿವರ್ಸಿಟಿ ಕಲ್ತಾಂವ. ಎಣಸು."

ಅಡಿಯಲ್ಲಿದ್ದ ಅರ್ಧ ಅಚ್ಚಿನಲ್ಲಿ ಎರಡೇ ಗುಂಡಿ: ಒಂದು ಪೆಟ್ಟಿಗೆಯದು, ಒಂದು ಮುಚ್ಚಳದ್ದು.

"ಸೀಳೇದಂತ ಅಪ್ಪ ಬಿಸಾಕಿದ್ದ. ನೆನಪಿಗಿರಲಿ ಅಂತ ತಂದೆ. ಇಷ್ಟಕ್ಕ ಕಳ್ಳ ಆದೆ."

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ.

"ಬ್ಯಾರೇದು ತೋರಿಸ್ಯಾನ," ಎಂದ ಅಣ್ಣ. "ನೀ ಏನ್ ತೋರಿಸಿದ್ರೂ ನಂಬಾಂವ."

ತಮ್ಮನ ಮಗಳು ಲಗ್ನಪತ್ರಿಕೆ ತಂದುಕೊಟ್ಟಳು. "ಜಹೀರಾಬಾದ ದೊಡ್ಡಪ್ಪನ ಹೆಸರೇ ಎಲ್ಲಾರ್ಕಿಂತ ಮ್ಯಾಲ ಹಾಕ್ಸೀವ್ರಿ," ಎಂದಳು.

ಮರಳುವ ದಾರಿಯಲ್ಲಿ ತಮ್ಮನನ್ನೂ ಅನುಮಾನಿಸಿದೆ. ಅಂದು ಟೆಂಪೋದಲ್ಲಿ ಕಂಡದ್ದು ಎರಡು ಗುಂಡಿಯೋ ನಾಲ್ಕೋ, ಬಸ್ಸು ಇಳಿಯುವವರೆಗೂ ನೆನಪಾಗಲಿಲ್ಲ; ಇಂದಿಗೂ ನೆನಪಿಲ್ಲ.

ಅಣ್ಣ ಮದುವೆಗೆ ಬರಲಿಲ್ಲ. ಅದಾಗಿ ಕೆಲವು ವಾರಗಳ ಮೇಲೆ ಜಹೀರಾಬಾದಿಗೆ ಹೋದಾಗ, ಅವನ ಶೆಡ್ಡಿನಲ್ಲಿ ಎಣ್ಣೆ ಡ್ರಮ್ಮಿಗೆ ಪೀಠವಾಗಿ ಬೋರಲು ಬಿದ್ದಿದ್ದ ಉಕ್ಕಿನ ತುಂಡನ್ನು ಕೆಲಸದವರಿಂದ ಎತ್ತಿಸಿ, ಒರೆಸಿ ನೋಡಿದೆ. ನಾಲ್ಕು ಗುಂಡಿ. ಅದರ ಗೂಟಗಳು ಅಣ್ಣನ ಅರ್ಧದ ತೂತುಗಳಲ್ಲಿ ಸರಿಯಾಗಿ ಕೂತವು.