ಕಲೀಮ್ ಅಂಕಲ್ ಆಕ್ಸಲ್ ಬಿಚ್ಚಿದ್ದು
ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬೀದಿಯವರಿಗೆ ಕಲೀಮ್ ಅಂಕಲ್ ಅವರ ಮುಖಕ್ಕಿಂತ ಬೂಟುಗಳೇ ಹೆಚ್ಚು ಪರಿಚಯ, ಏಕೆಂದರೆ ಉಳಿದ ದೇಹವೆಲ್ಲ ಸದಾ ಗ್ಯಾರೇಜಿನಲ್ಲಿ ಅವರ ಕೆಂಪು ಹಾಟ್ ರಾಡ್, ಅಂದರೆ ವೇಗಕ್ಕೆಂದು ತಿದ್ದಿ ಕಟ್ಟಿದ ಹಳೇ ಕಾರಿನ ಕೆಳಗಿರುತ್ತದೆ. ಕಾರು 1934ರದು, ಅಂಕಲ್ ಗದಗಿನವರು. ಯಾರೇ ಬಂದರೂ ಕೆಳಗಿನಿಂದಲೇ "ಚಹಾ ಕುಡೀರಿ, ಬೋಲ್ಟ್ ಮುಟ್ಟಬ್ಯಾಡ್ರಿ" ಎನ್ನುತ್ತಾರೆ. ಈದ್ ದಿನ ಬಿರಿಯಾನಿ ತಟ್ಟೆ ಹಿಡಿದು ನಿಂತವರಿಗೂ ಮುಂದಿನ ಆಕ್ಸಲ್ಲಿನ ಕಥೆ ಹೇಳದೆ ಬಿಡುವುದಿಲ್ಲ: ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಕಬ್ಬಿಣದ ತೊಲೆ, ಅದಿದ್ದರೆ ಮಾತ್ರ ಊರಿನ ಹಾಟ್ ರಾಡ್ ಕ್ಲಬ್ಬಿನ ಪ್ರದರ್ಶನದಲ್ಲಿ ಹಳೇ ಮಾದರಿ ಉಳಿಸಿಕೊಂಡ ಕಾರಿನ ಬಹುಮಾನ. ಆರು ವರ್ಷ ಆ ಬಹುಮಾನ ಅವರಿಗೇ ಬಂದಿತ್ತು. ಈ ವಸಂತದಲ್ಲಿ ಅವರೇ ಅದನ್ನು ಬಿಚ್ಚಿ ತೆಗೆದು, ಒಂದೊಂದು ಚಕ್ರಕ್ಕೂ ಬೇರೆಬೇರೆ ಸ್ಪ್ರಿಂಗ್ ಇರುವ ಹೊಸ ಸಸ್ಪೆನ್ಷನ್ ಕೂರಿಸಿದರು. ಕ್ಲಬ್ಬಿನವರು ಹಣೆ ಚಚ್ಚಿಕೊಂಡರು. "ಯಾಕೆ ಅಂಕಲ್, ಇನ್ನು ಪ್ರೈಜ್ ಬರಲ್ವಲ್ಲ?" ಎಂದು ನಾನೂ ಕೇಳಿದೆ. ಅವರು ಮೊದಲ ಬಾರಿಗೆ ಕಾರಿನಡಿಯಿಂದ ಹೊರಬಂದು ಕುಳಿತರು. "ನಿಮ್ಮ ಆಂಟಿಗೆ ಬೆನ್ನಿನ ಆಪರೇಷನ್ ಆತಲ್ಲ. ರೋಡಿನಾಗ ಒಂದು ತಗ್ಗು ಬಂದ್ರ ಸಾಕು, ಆ ತೊಲಿ ಇಡೀ ಕಾರು ಕುಲುಕಿಸ್ತಿತ್ತು, ಆಕಿ ತುಟಿ ಕಚ್ಚಿ ಸುಮ್ನ ಕೂಡ್ತಿದ್ಲು. ನನಗ ಹೇಳ್ಲೇ ಇಲ್ಲ. ಒಂದಿನ ಕಾರಿನ ಕನ್ನಡಿಯೊಳಗ ಆಕಿ ಮುಖ ನೋಡಿದೆ" ಎಂದರು. ಕಳೆದ ಭಾನುವಾರ ದಿಲ್‌ಶಾದ್ ಆಂಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹನ್ನೆರಡು ಮೈಲಿ ಹೋಗಿಬಂದರು. ಮನೆ ಮುಂದೆ ಕಾರು ನಿಂತರೂ ಆಂಟಿ ಇಳಿಯಲಿಲ್ಲ. ಅಂಕಲ್ ಗಾಬರಿಯಾಗಿ ಆಚೆ ಬದಿಗೆ ಓಡಿಹೋಗಿ, ಬಾಗಿಲು ತೆಗೆದು, "ಭಾಳ ನೋವಾತೇನ?" ಎಂದು ಕೇಳಿದರು. ಆಂಟಿ ಸೀಟಿಗೆ ತಲೆ ಆನಿಸಿ ಗಾಢವಾಗಿ ನಿದ್ದೆ ಹೋಗಿದ್ದರು.